ಹಾಳೆ ಹಗುರವಾದರೆ ಪ್ರಿಂಟರ್ ಏಕೆ ಮುನಿಯುತ್ತದೆ?

ಪ್ರಿಂಟರ್ ಹಾಳೆ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದು, ‘70 ಜಿಎಸ್‌ಎಂ ಕೊಡಲೋ, 75 ಕೊಡಲೋ, 80 ಕೊಡಲೋ?’ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕವೇ ಈ ಜಿಎಸ್‌ಎಂ. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು. ಹಾಗಾಗಿ 80ರ ಹಾಳೆ 5 ಗ್ರಾಂ ತೂಗುತ್ತದೆ, 500 ಹಾಳೆಯ ರೀಮು ಎರಡೂವರೆ ಕಿಲೋ. 70ರ ರೀಮು ಸುಮಾರು 2.2 ಕಿಲೋ. ನಾರು ಕಡಿಮೆ ಬೀಳುವುದರಿಂದ ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಮನೆಯಲ್ಲಿ ಮಕ್ಕಳ ಪಾಠ, ಟಿಕೆಟ್, ಬಿಲ್ಲು ಅಚ್ಚು ಹಾಕಲು ಇಷ್ಟು ಸಾಲದೇ? ಅನೇಕ ಸಲ ಸಾಕು. ಆದರೆ ಹಗುರ ಹಾಳೆಯ ವಿಷಯದಲ್ಲಿ ಪ್ರಿಂಟರಿಗೆ ತನ್ನದೇ ತಕರಾರುಗಳಿವೆ.

ಟ್ರೇ ಎಳೆದು, ಹಾಳೆಯ ತಲೆಭಾಗ ತಗಲುವ ಜಾಗವನ್ನು ಬಗ್ಗಿ ನೋಡಿ. ಮೇಲೊಂದು ರಬ್ಬರ್ ರೋಲರ್, ಅದರೆದುರು ಬಿರುಸು ಮೈಯ ಒಂದು ಪುಟ್ಟ ಪಟ್ಟಿ. ಟ್ರೇಯ ರಾಶಿಯಿಂದ ಒಂದೇ ಹಾಳೆಯನ್ನು ಎತ್ತುವ ಇಡೀ ವಿದ್ಯೆ ಇಷ್ಟರಲ್ಲೇ ಅಡಗಿದೆ. ಹಾಳೆಯ ಮೇಲೆ ರೋಲರಿನ ಹಿಡಿತ ಎಲ್ಲಕ್ಕಿಂತ ಬಲವಾದದ್ದು, ಪಟ್ಟಿಯದು ಅದಕ್ಕಿಂತ ಕಡಿಮೆ, ಹಾಳೆ ಹಾಳೆಗಳ ನಡುವಿನ ಹಿಡಿತ ಎಲ್ಲಕ್ಕಿಂತ ಕಡಿಮೆ. ಆದ್ದರಿಂದ ಮೇಲಿನ ಹಾಳೆ ರೋಲರಿನ ಜೊತೆ ಹೊರಡುತ್ತದೆ, ಜೊತೆಗೆ ಹೊರಟ ಎರಡನೆಯದನ್ನು ಪಟ್ಟಿ ಹಿಡಿದು ನಿಲ್ಲಿಸುತ್ತದೆ. ನೋಟು ಎಣಿಸುವವರ ಹೆಬ್ಬೆರಳು ಮತ್ತು ತೋರುಬೆರಳು ಮಾಡುವ ಕೆಲಸವೂ ಇದೇ. ಧೂಳು ಕೂತು, ವಯಸ್ಸಾಗಿ ರಬ್ಬರ್ ನುಣುಪಾದರೆ ಈ ಲೆಕ್ಕ ತಪ್ಪುತ್ತದೆ. ಆಗ ಎರಡೆರಡು ಹಾಳೆ ಒಟ್ಟಿಗೆ ಹೋಗುತ್ತವೆ, ಇಲ್ಲವೇ ಒಂದೂ ಹೋಗುವುದಿಲ್ಲ. ಬೈಸಿಕೊಳ್ಳುವುದು ಮಾತ್ರ ಕಾಗದ.

ಎತ್ತಿದ ಮೇಲೆ ಹಾಳೆ ಸೆಟೆದು ಮುಂದೆ ನುಗ್ಗಬೇಕು. ಅನೇಕ ಪ್ರಿಂಟರ್‌ಗಳಲ್ಲಿ ಅದು ಕೆಳಗಿನ ಟ್ರೇಯಿಂದ ಹೊರಟು, ಪೂರ್ತಿ ಹೊರಳಿ ಮೇಲಕ್ಕೆ ಬರುತ್ತದೆ. ಈ ತಿರುವಿನಲ್ಲಿ ಕಾಗದದ ಬಿಗುವಿಗೆ ಪರೀಕ್ಷೆ. ಬಿಗುವು ಬದಲಾಗುವುದು ದಪ್ಪದ ಘನದಂತೆ. ಒಂದೇ ಬಗೆಯ ಕಾಗದದಲ್ಲಿ 80ರಿಂದ 70ಕ್ಕೆ ಇಳಿದರೆ ತೂಕ ಎಂಟರಲ್ಲಿ ಒಂದು ಪಾಲು ತಗ್ಗುತ್ತದೆ, ಬಿಗುವು ಮಾತ್ರ ಮೂರರಲ್ಲಿ ಒಂದು ಪಾಲು ತಗ್ಗುತ್ತದೆ. ರೀಮಿಗೆ ಮುನ್ನೂರು ಗ್ರಾಂ ಉಳಿತಾಯಕ್ಕೆ ತೆರುವ ಬೆಲೆ ಇದು.

ಬಿಗುವಿಗೆ ದಿಕ್ಕೂ ಇದೆ. ಕಾಗದದ ಕಾರ್ಖಾನೆಯಲ್ಲಿ ನೀರಾದ ತಿರುಳು ಓಡುವ ಜಾಲರಿಯ ಮೇಲೆ ಬೀಳುವಾಗ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ, ಆ ದಿಕ್ಕಿಗೇ ಹಾಳೆಯ ಬಿಗುವು ಹೆಚ್ಚು. ಒಂದು ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹರಿದು ನೋಡಿ. ನಾರಿನ ದಿಕ್ಕಿಗೆ ಹರಿದದ್ದು ಹೆಚ್ಚು ನೇರ, ಇನ್ನೊಂದು ಸೊಟ್ಟಸೊಟ್ಟ. ಎ4 ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೇ ಇರುತ್ತದೆ.

ಮಳೆಗಾಲದ ಪಾಡೇ ಬೇರೆ. ನಾರು ಗಾಳಿಯ ತೇವವನ್ನು ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಹಾಳೆ ಸೊರಗುತ್ತದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜೂನ್ ಬಂತೆಂದರೆ ತೆರೆದಿಟ್ಟ ರೀಮು ಮೆತ್ತಗಾಗಿಬಿಡುತ್ತದೆ. ಲೇಸರ್ ಪ್ರಿಂಟರಿನಲ್ಲಿ ಇದರ ಕಾಟ ಎರಡು ಥರ. ಟೋನರ್ ಪುಡಿಯನ್ನು ಹಾಳೆಗೆ ಸೆಳೆಯುವುದು ವಿದ್ಯುತ್ ಆವೇಶ, ಒದ್ದೆ ಹಾಳೆಯಲ್ಲಿ ಅದು ಸೋರಿಹೋಗಿ ಅಕ್ಷರ ಮಸುಕಾಗಬಹುದು. ಆಮೇಲೆ ಪುಡಿ ಕರಗಿಸಿ ಅಂಟಿಸುವ ಬಿಸಿ ರೋಲರುಗಳು 200 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತವೆ. ತೇವ ಹಬೆಯಾಗಿ ಹಾರಿ ಹಾಳೆ ಸುರುಳಿ ಸುತ್ತಿಕೊಳ್ಳುತ್ತದೆ. ತೆಳು ಹಾಳೆ ಬೇಗ ಸುತ್ತಿಕೊಳ್ಳುತ್ತದೆ. ಸುತ್ತಿಕೊಂಡ ಹಾಳೆಯೇ ಎರಡನೇ ಬದಿಗೆ ಮತ್ತೆ ಒಳಹೋಗಬೇಕೆಂದರೆ ಜಾಮ್ ಆಗದೆ ಏನಾದೀತು?

ಇಂಕ್‌ಜೆಟ್‌ನಲ್ಲಿ ಬಿಸಿ ರೋಲರಿನ ಗೋಜಿಲ್ಲ, ಆದರೆ ಶಾಯಿಯ ಬಹುಪಾಲು ನೀರು. ದಟ್ಟ ಚಿತ್ರ ಅಚ್ಚು ಹಾಕಿದರೆ ತೆಳು ಹಾಳೆ ಅಲೆಅಲೆಯಾಗಿ ಏಳುತ್ತದೆ, ಶಾಯಿ ಹಿಂಬದಿಗೆ ಇಣುಕುತ್ತದೆ. ಇಣುಕುವುದಕ್ಕೆ ಜಿಎಸ್‌ಎಂ ಒಂದೇ ಕಾರಣವಲ್ಲ. ಕಾಗದದ ಬಿಳುಪು, ಆಚೆಯದು ಕಾಣದಂತೆ ಮರೆಮಾಡುವ ಗುಣ ಬರುವುದು ನಾರು, ಗಾಳಿ ಮತ್ತು ಅದಕ್ಕೆ ಬೆರೆಸುವ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿ ಬೆಳಕನ್ನು ಚದುರಿಸುವುದರಿಂದ. ಈ ಪುಡಿ ತೂಕವನ್ನೇನೋ ಕೊಡುತ್ತದೆ, ಬಿಗುವು ಕೊಡುವುದಿಲ್ಲ. ಆದ್ದರಿಂದ 75ರ ಒಂದು ಕಂಪನಿಯ ಹಾಳೆ ಇನ್ನೊಂದರ 80ಕ್ಕಿಂತ ಚೆನ್ನಾಗಿ ಓಡಬಹುದು. ಹೊದಿಕೆಯ ಮೇಲಿನ ‘ಪ್ರೀಮಿಯಂ’ ಎಂಬ ಪದವನ್ನು ನಾನಂತೂ ನಂಬುವುದಿಲ್ಲ.

ಲೇಸರ್ ಪ್ರಿಂಟರ್, ಒಂದೇ ಬದಿಯ ಅಕ್ಷರದ ಕೆಲಸ ಎಂದಾದರೆ 70 ಧಾರಾಳ ಸಾಕು. ಲೇಸರಿನಲ್ಲಿ ಎರಡೂ ಬದಿಗೆ 75 ನನ್ನ ಆಯ್ಕೆ. ಇಂಕ್‌ಜೆಟ್‌ನಲ್ಲಿ ಎರಡೂ ಬದಿ, ಬಣ್ಣದ ಚಿತ್ರ ಎಂದರೆ 80ಕ್ಕೆ ದುಡ್ಡು ಕೊಡಿ. 70ಕ್ಕಿಂತ ಕೆಳಗೆ ಇಳಿಯುವ ಮೊದಲು ಪ್ರಿಂಟರಿನ ಕೈಪಿಡಿಯಲ್ಲಿ ಕನಿಷ್ಠ ತೂಕ ನೋಡಿ, ಸೆಟ್ಟಿಂಗ್ಸ್‌ನಲ್ಲಿ ತೆಳು ಕಾಗದದ ಆಯ್ಕೆ ಇದ್ದರೆ ಒತ್ತಿ. ಮೊದಲ ಸಲ ಒಂದೇ ರೀಮು ತನ್ನಿ. ಬೇಕಾದಷ್ಟೇ ಟ್ರೇಗೆ ಹಾಕಿ, ಉಳಿದದ್ದನ್ನು ಹೊದಿಕೆಯಲ್ಲೇ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹಾಳೆ ಆಗಾಗ ಜಾಮ್ ಆಗುತ್ತಿದ್ದರೆ ದುಬಾರಿ ಕಾಗದ ತರುವ ಮುನ್ನ ಸ್ವಿಚ್ ಆರಿಸಿ, ಪ್ರಿಂಟರ್ ತಣಿಯಲು ಬಿಟ್ಟು, ಆ ರಬ್ಬರ್ ರೋಲರನ್ನು ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ.