ಸಾವಯವ ಆಹಾರದ ಹೆಚ್ಚಿನ ಬೆಲೆ ಸಾರ್ಥಕವೇ?

ಮಕ್ಕಳಿಗೆ ವಿಷಮುಕ್ತ ಆಹಾರವನ್ನು ಉಣಿಸಬೇಕೆಂಬುದು ಪ್ರತಿಯೊಂದು ಮನೆಯ ಹಂಬಲ. ಆದರೆ ಅಂಗಡಿಯಲ್ಲಿ ಸಾವಯವ ಅಕ್ಕಿ, ಬೇಳೆ, ತರಕಾರಿಗಳ ಬೆಲೆಯನ್ನು ಕಂಡಾಗ ಸಾಮಾನ್ಯ ಕುಟುಂಬ ಹಿಂಜರಿಯುವುದು ಸಹಜ. ಉದಾಹರಣೆಗೆ, ತಿಂಗಳಿಗೆ 20 ಕಿಲೋ ಅಕ್ಕಿ ಬೇಕಾಗುವ ಮನೆಗೆ ಕಿಲೋಗೆ 40 ರೂಪಾಯಿ ಹೆಚ್ಚಾದರೆ 800 ರೂಪಾಯಿಗಳ ಹೊರೆ ಬೀಳುತ್ತದೆ. ಆದ್ದರಿಂದ ಈ ಹೆಚ್ಚುವರಿ ಹಣ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ಅರಿಯುವುದು ಅವಶ್ಯ.

ಮೊದಲನೆಯದಾಗಿ, ಅದು ಹೆಚ್ಚು ಪೌಷ್ಟಿಕಾಂಶಕ್ಕಾಗಿ ಕೊಡುವ ಬೆಲೆಯೆಂದು ಹೇಳಲಾಗದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 200ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಸಾವಯವ ಆಹಾರವು ಗಣನೀಯವಾಗಿ ಹೆಚ್ಚು ಪೌಷ್ಟಿಕವೆಂಬುದಕ್ಕೆ ಬಲವಾದ ಆಧಾರವಿಲ್ಲವೆಂದು 2012ರಲ್ಲಿ ತಿಳಿಸಿದರು. ಆದರೆ ಅದರಲ್ಲಿ ಕೀಟನಾಶಕದ ಶೇಷಾಂಶ ಕಂಡುಬರುವ ಸಂಭವ ಕಡಿಮೆಯೆಂಬುದನ್ನೂ ಅವರು ಗುರುತಿಸಿದರು.

ಎರಡನೆಯದಾಗಿ, ಆ ಹಣದಲ್ಲಿ ರೈತನ ಶ್ರಮದ ಪಾಲಿದೆ. ಕಳೆನಾಶಕ ಬಳಸದವನು ಕಳೆಯನ್ನು ಕೈಯಿಂದ ಕೀಳಿಸಬೇಕು. ಕೊಟ್ಟಿಗೆ ಗೊಬ್ಬರಕ್ಕಾಗಿ ದನಕರುಗಳನ್ನು ಸಾಕಬೇಕು. ರಾಷ್ಟ್ರೀಯ ನಿಯಮದಂತೆ ರಾಸಾಯನಿಕ ಕೃಷಿಯಿಂದ ಹೊರಬರುವ ಹೊಲಕ್ಕೆ ವಾರ್ಷಿಕ ಬೆಳೆಗಳಲ್ಲಿ ಸಾಮಾನ್ಯವಾಗಿ 2 ವರ್ಷ, ಬಹುವಾರ್ಷಿಕ ಬೆಳೆಗಳಲ್ಲಿ 3 ವರ್ಷಗಳ ಪರಿವರ್ತನಾ ಅವಧಿಯಿದೆ. ಆ ವರ್ಷಗಳಲ್ಲಿ ಇಳುವರಿ ಕುಗ್ಗುವುದುಂಟು. ಸಾವಯವ ಬೆಲೆಯೂ ದೊರೆಯದು. ಅನೇಕ ರೈತರು ಅರ್ಧದಾರಿಯಲ್ಲೇ ಕೈಬಿಡುವುದು ಇದರಿಂದಲೇ. ಮಣ್ಣಿನ ಸತ್ವವನ್ನು ಉಳಿಸುವ ಈ ಕಾಯಕಕ್ಕೆ ಸಲ್ಲುವ ಹಣ ವ್ಯರ್ಥವಲ್ಲ.

ಹಾಗೆಂದು ಎಲ್ಲವನ್ನೂ ಸಾವಯವವಾಗಿಯೇ ಕೊಳ್ಳಬೇಕಾಗಿಲ್ಲ. ದ್ರಾಕ್ಷಿ, ಮೆಣಸಿನಕಾಯಿ, ಬದನೆ, ಹೂಕೋಸುಗಳಿಗೆ ಔಷಧಿ ಸಿಂಪರಣೆ ಹೆಚ್ಚು. ಹೆಚ್ಚಿನ ಬೆಲೆ ಕೊಡುವುದಾದರೆ ಮೊದಲು ಇಂಥವುಗಳಿಗೆ ಕೊಡುವುದು ಉಚಿತ. ಮಳೆಯಾಶ್ರಯದಲ್ಲಿ ಬೆಳೆಯುವ ನವಣೆ, ಸಾಮೆಗಳಿಗೆ ಕೀಟನಾಶಕದ ಬಳಕೆ ಸಾಮಾನ್ಯವಾಗಿ ಅಲ್ಪ. ಅಲ್ಲಿ ಸಾವಯವವೆಂಬ ಹೆಸರಿಗೆ ದುಪ್ಪಟ್ಟು ಹಣ ತೆರುವ ಅಗತ್ಯ ಕಾಣದು.

ಕೊಳ್ಳುವಾಗ ಎಚ್ಚರವೂ ಬೇಕು. ಪೊಟ್ಟಣದ ಮೇಲೆ 'ನೈಸರ್ಗಿಕ' ಎಂದು ಬರೆದ ಮಾತ್ರಕ್ಕೆ ಅದು ಸಾವಯವವಾಗದು. 'ಜೈವಿಕ ಭಾರತ್' ಚಿಹ್ನೆಯನ್ನು ಗಮನಿಸಬೇಕು. ಸಣ್ಣ ರೈತರು ನೇರವಾಗಿ ಗ್ರಾಹಕರಿಗೆ ಮಾರುವಾಗ ಪ್ರಮಾಣಪತ್ರದಿಂದ ವಿನಾಯಿತಿಯುಂಟು. ಅಲ್ಲಿ ಹೊಲವನ್ನು ಕಂಡು, ಬೆಳೆದವರನ್ನು ವಿಚಾರಿಸಿ ಕೊಳ್ಳುವುದೇ ಲೇಸು. ನಾಲ್ಕಾರು ಮನೆಯವರು ಕೂಡಿ ಪರಿಚಿತ ರೈತರಿಂದ ವರ್ಷದ ಧಾನ್ಯವನ್ನು ಒಮ್ಮೆಗೇ ಕೊಂಡರೆ ಮಧ್ಯವರ್ತಿಗಳ ಲಾಭಾಂಶ ಉಳಿದು, ಇಬ್ಬರಿಗೂ ಅನುಕೂಲವಾಗುತ್ತದೆ.

ಸಾವಯವ ಕೊಳ್ಳಲು ಶಕ್ತಿಯಿಲ್ಲದವರು ಅಳುಕಬೇಕಿಲ್ಲ. ದುಬಾರಿಯೆಂದು ಸೊಪ್ಪು, ತರಕಾರಿ, ಹಣ್ಣುಗಳನ್ನೇ ಕಡಿಮೆ ಮಾಡುವುದು ಆರೋಗ್ಯಕ್ಕೆ ಹೆಚ್ಚಿನ ಹಾನಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದರೆ ಮೇಲ್ಮೈಯ ಶೇಷಾಂಶ ಬಹುಮಟ್ಟಿಗೆ ತಗ್ಗುತ್ತದೆ. ಒಳಗೆ ಸೇರಿದ್ದು ಮಾತ್ರ ಹೋಗದು. ಹಿತ್ತಲಿನಲ್ಲಿ, ಮಹಡಿಯ ಮೇಲಿನ ಕುಂಡಗಳಲ್ಲಿ ಬೆಳೆದ ನಾಲ್ಕು ಕಟ್ಟು ಸೊಪ್ಪಿಗೆ ಯಾವ ಚಿಹ್ನೆಯೂ ಬೇಕಿಲ್ಲ. ಉಳ್ಳವರು ಶ್ರಮಿಸುವ ರೈತನಿಗೆ ನ್ಯಾಯವಾದ ಬೆಲೆ ಕೊಡಲಿ. ಇಲ್ಲದವರು ತಮ್ಮ ಶಕ್ತಿಯ ಮಿತಿಯಲ್ಲಿ ತಾಜಾ ಆಹಾರವನ್ನು ನಿಶ್ಚಿಂತೆಯಿಂದ ಉಣ್ಣಲಿ.