ಕೊಪ್ಪಕ್ಕೊಂದು ಕತ್ತಿವರಸೆ ಕ್ಲಬ್ಬು: ದರ್ಜೆ ಕೊಡೋರು ಯಾರು, ಯಾತಕ್ಕೆ?

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಯಾರಾದರೂ ‘ಊರಲ್ಲೊಂದು ಫೆನ್ಸಿಂಗ್ ಶುರು ಮಾಡೋಣ’ ಅಂದರೆ, ಪಕ್ಕದಲ್ಲಿರುವ ರೈತ ಕೇಳುವ ಮೊದಲ ಪ್ರಶ್ನೆ ‘ತಂತಿ ಕೆ.ಜಿ. ಎಷ್ಟಂತೆ?’ ಎಂಬುದೇ. ತಪ್ಪೇನಿಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗದಂತೆ ಕಲ್ಲುಕಂಬ ನೆಟ್ಟು ಎಳೆಯುವ ಮುಳ್ಳುತಂತಿಗೂ ಈ ಸೀಮೆಯಲ್ಲಿ ಫೆನ್ಸಿಂಗ್ ಎಂದೇ ಹೆಸರು. ಆದರೆ ಇಲ್ಲಿ ಮಾತು ಬೇಲಿಯದಲ್ಲ, ಕತ್ತಿಯದು. 1896ರ ಮೊದಲ ಆಧುನಿಕ ಒಲಿಂಪಿಕ್ಸಿನಿಂದಲೂ ನಡೆದು ಬಂದಿರುವ ಕತ್ತಿವರಸೆಯದು.

ಕರಾಟೆ ಕ್ಲಾಸಿನ ಬೋರ್ಡು ಹೋಬಳಿ ಊರುಗಳಿಗೂ ಬಂದು ವರ್ಷಗಳಾದವು. ನಾಳೆ ಕತ್ತಿವರಸೆಯ ಬೋರ್ಡೂ ಬಂದರೆ ಅಚ್ಚರಿಯಿಲ್ಲ. ಬಂದರೆ ಒಳ್ಳೆಯದೇ. ಆದರೆ ಕ್ಲಬ್ಬಿನ ಹಿಂದೆಯೇ ದರ್ಜೆ ಬರುತ್ತದೆ, ದರ್ಜೆಯ ಹಿಂದೆಯೇ ಸರ್ಟಿಫಿಕೇಟು, ಸರ್ಟಿಫಿಕೇಟಿನ ಹಿಂದೆಯೇ ಫೀಸು. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗಾಯಿತು ಅಂತ ಕೆಲವರು ನಗಬಹುದು. ನಗಲಿ. ಹೆತ್ತವರ ಜೇಬಿಗೂ ಮಕ್ಕಳ ಮನಸ್ಸಿಗೂ ತಗಲುವ ವಿಚಾರವನ್ನು ಮೊದಲೇ ಬಿಡಿಸಿ ನೋಡುವುದು ಲೇಸು.

ಈ ಮಣ್ಣಿಗೆ ಕತ್ತಿ ಹೊಸದಲ್ಲ

ಮದ್ದೂರು ತಾಲ್ಲೂಕಿನವರಿಗೆ ಕತ್ತಿಯ ಕಥೆಯನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಇದೇ ತಾಲ್ಲೂಕಿನ ಆತಕೂರಿನ ಶಾಸನ ಇತಿಹಾಸ ಓದಿದವರಿಗೆಲ್ಲ ಗೊತ್ತು. ಕ್ರಿ.ಶ. 949–50ರ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಮಡಿದ. ಗಂಗರ ಬೂತುಗನ ಕಡೆ ನಿಂತು ಕಾದಾಡಿದ ಮಣಲೇರನಿಗೆ ಒಡೆಯ ಮೆಚ್ಚಿ ‘ಬೇಡಿಕೋ’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಣಲೇರನ ಶೌರ್ಯಕ್ಕೆ ‘ಆತಕೂರು ಹನ್ನೆರಡು’ ಎಂಬ ಊರುಗಳ ಗುಂಪನ್ನೇ ಕೊಟ್ಟರು. ಮೊದಲು ಕೆಲಸ, ಆಮೇಲೆ ಪಟ್ಟ. ಸಾವಿರ ವರ್ಷದ ಹಿಂದೆ ಲೆಕ್ಕ ಅಷ್ಟು ಸರಳ.

ಗರಡಿಮನೆಯದೂ ಅದೇ ಲೆಕ್ಕ. ಮಟ್ಟಿ ಹದ ಮಾಡಿ, ಸಾಮು ಮಾಡಿ, ಉಸ್ತಾದರ ಕಣ್ಣೆದುರು ಪಟ್ಟು ಕಲಿತವನಿಗೆ ಯಾರೂ ಕಾಗದ ಬರೆದುಕೊಡಲಿಲ್ಲ. ಮೈಸೂರು ದಸರೆಯಲ್ಲಿ ಜೋಡಿ ಕಟ್ಟಿ, ಅಖಾಡದಲ್ಲಿ ನಾಲ್ಕು ಜನರ ಮುಂದೆ ಎದುರಾಳಿಯ ಬೆನ್ನು ಮಣ್ಣಿಗೆ ತಾಗಿಸಿದರೆ ಮಾತ್ರ ‘ದಸರಾ ಕುಮಾರ’, ‘ದಸರಾ ಕೇಸರಿ’, ‘ದಸರಾ ಕಂಠೀರವ’. ಹೆಣ್ಣುಮಕ್ಕಳ ಕುಸ್ತಿಗೆ ‘ದಸರಾ ಕಿಶೋರಿ’. ಫೀಸು ಕಟ್ಟಿ ಕೇಸರಿ ಆದವರಿಲ್ಲ.

ಶುರು ಮಾಡೋದು ಹೆಂಗೆ?

ಕಾಗದದ ಕೆಲಸ ಕಷ್ಟದ್ದಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ 1960ರದ್ದು. ಅದರ ಪ್ರಕಾರ ಕನಿಷ್ಠ 7 ಜನ ಸೇರಿ, ನಿಯಮ ಬರೆದು, ರುಜು ಹಾಕಿದರೆ ಸಂಘ ನೋಂದಾಯಿಸಬಹುದು. ಅಂಗಡಿಯವರು ಇಬ್ಬರು, ಮೇಷ್ಟ್ರು ಒಬ್ಬರು, ರೈತರು ಮೂವರು, ನಿವೃತ್ತ ನೌಕರರು ಒಬ್ಬರು. ಏಳಾಯಿತು. ಲೆಕ್ಕಪತ್ರ ಬರೆಯೋರು ಅಂಗಡಿಯವರೇ ಆದರೆ ಇನ್ನೂ ವಾಸಿ.

ಜಾಗವೂ ದೊಡ್ಡದು ಬೇಡ. ಆಟದ ಪಟ್ಟಿಯ ಉದ್ದ 14 ಮೀಟರು, ಅಗಲ ಒಂದೂವರೆಯಿಂದ ಎರಡು ಮೀಟರು. ಶಾಲೆಯ ಹಜಾರವೋ, ಕಲ್ಯಾಣ ಮಂಟಪದ ಊಟದ ಮನೆಯೋ ಸಾಕು. ಮದುವೆ ಇಲ್ಲದ ದಿನ ನೋಡಿಕೊಂಡರಾಯಿತು.

ಕತ್ತಿ ಮೂರು ಬಗೆ. ಫಾಯಿಲ್ ಹಗುರ, 500 ಗ್ರಾಂ ಮೀರಬಾರದು. ಮುಂಡಕ್ಕೆ ಮಾತ್ರ, ಅದೂ ತುದಿಯಿಂದ ಮಾತ್ರ ಮುಟ್ಟಬೇಕು. ಎಪೆ ಎಂಬುದು 770 ಗ್ರಾಂವರೆಗೆ. ಅಡಿಯಿಂದ ಮುಡಿಯವರೆಗೆ ಎಲ್ಲಿ ತಾಗಿದರೂ ಅಂಕ. ಸೇಬರ್ ಮೂರನೆಯದು, ಸೊಂಟದ ಮೇಲೆ, ತುದಿಯಿಂದಲೂ ಅಂಚಿನಿಂದಲೂ ಹೊಡೆಯಬಹುದು. ಯಾವುದಕ್ಕೂ ಹರಿತವಿಲ್ಲ. ಕುಡುಗೋಲಿಗಿಂತ ನಿರಪಾಯ.

ಹಂಗಂತ ಸಸಾರ ಮಾಡುವಂತಿಲ್ಲ. 1982ರಲ್ಲಿ ರೋಮಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಸೋವಿಯತ್ ದೇಶದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದಾಗ ಎದುರಾಳಿಯ ಕತ್ತಿ ಮುರಿದು, ಮುರಿದ ತುದಿ ಮುಖವಾಡವನ್ನೇ ಸೀಳಿ ಒಳನುಗ್ಗಿತು. ಎರಡು ವರ್ಷದ ಹಿಂದಷ್ಟೇ ಒಲಿಂಪಿಕ್ ಚಿನ್ನ ಗೆದ್ದಿದ್ದ ಆಟಗಾರ ಬದುಕಲಿಲ್ಲ. ಆಮೇಲೆ ಮುಖವಾಡ, ಅಂಗಿ, ಕತ್ತಿಯ ಉಕ್ಕು ಎಲ್ಲದರ ನಿಯಮವೂ ಬಿಗಿಯಾಯಿತು. ಆದ್ದರಿಂದ ದುಡ್ಡು ಉಳಿಸಬೇಕಾದರೆ ಬೋರ್ಡಿನಲ್ಲಿ ಉಳಿಸಿ, ಉದ್ಘಾಟನೆಯ ಹಾರ ತುರಾಯಿಯಲ್ಲಿ ಉಳಿಸಿ. ಮುಖವಾಡದಲ್ಲಿ ಮಾತ್ರ ಬೇಡ. ಮುಖವಾಡವಿಲ್ಲದ ಮಗು ಕತ್ತಿ ಎತ್ತಬಾರದು, ಎದುರಿಗೂ ನಿಲ್ಲಬಾರದು.

ಹೇಳಿಕೊಡುವವರು? ಇದೇ ದೊಡ್ಡ ತೊಡಕು. ಟಿ.ವಿ. ನೋಡಿ ಕಲಿತವರು ಕಲಿಸುವ ವಿದ್ಯೆ ಇದಲ್ಲ. ತರಬೇತಿ ಪಡೆದ ಕೋಚ್ ವಾರಕ್ಕೆರಡು ದಿನವಾದರೂ ಬಂದು, ಉಳಿದ ದಿನ ಊರಿನ ಡ್ರಿಲ್ ಮೇಷ್ಟ್ರು ಕಾಲಿನ ಚಲನೆ ಮಾಡಿಸಿದರೆ ಗಾಡಿ ಓಡುತ್ತದೆ. ಮೊದಲ ಕೆಲವು ತಿಂಗಳು ಕಾಲೇ ಮುಖ್ಯ, ಕತ್ತಿಯಲ್ಲ. ಚೆನ್ನೈನ ಭವಾನಿ ದೇವಿ 2004ರಲ್ಲಿ ಶಾಲೆಯಲ್ಲಿ ಶುರು ಮಾಡಿದ್ದು ಬಿದಿರು ಕೋಲು ಹಿಡಿದು. ಆಕೆ ಆಮೇಲೆ ಕೇರಳದ ತಲಶ್ಶೇರಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಪಳಗಿ, ಒಲಿಂಪಿಕ್ಸಿನಲ್ಲಿ ಆಡಿದ ಭಾರತದ ಮೊದಲ ಕತ್ತಿವರಸೆ ಆಟಗಾರ್ತಿಯಾದರು.

ದರ್ಜೆ ಎಲ್ಲಿಂದ ಬಂತು?

ಕತ್ತಿ ಕಲಿಸುವವರು ದರ್ಜೆ ಕೊಡುವುದು ಹಳೇ ಪದ್ಧತಿ. ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1540ರಲ್ಲಿ ಲಂಡನ್ನಿನ ಕತ್ತಿ ಗುರುಗಳ ಸಂಘಕ್ಕೆ ಸನ್ನದು ಕೊಟ್ಟ. ಅಲ್ಲಿ ನಾಲ್ಕು ಮೆಟ್ಟಿಲು: ವಿದ್ಯಾರ್ಥಿ, ಸ್ವತಂತ್ರ ವಿದ್ಯಾರ್ಥಿ, ಉಪಗುರು, ಗುರು. ಮೇಲಿನ ಮೆಟ್ಟಿಲು ಹತ್ತಬೇಕಾದರೆ ಊರ ಜನರ ಎದುರು ಬಹಿರಂಗವಾಗಿ ಕಾದಾಡಿ ತೋರಿಸಬೇಕು. ಗುಟ್ಟಾಗಿ ಕೋಣೆಯಲ್ಲಿ ಕೊಡುವಂತಿಲ್ಲ.

ಜಪಾನಿನಲ್ಲಿ ಜಿಗೊರೊ ಕಾನೊ 1882ರಲ್ಲಿ ಜೂಡೋ ಶಾಲೆ ತೆರೆದರು. ಗೋ ಎಂಬ ಹಲಗೆ ಆಟದಲ್ಲಿ ಬಳಕೆಯಲ್ಲಿದ್ದ ‘ದಾನ್’ ದರ್ಜೆಯನ್ನು ಮರುವರ್ಷವೇ ಜೂಡೋಗೆ ತಂದರು. ಬಣ್ಣ ಬಣ್ಣದ ಬೆಲ್ಟುಗಳ ಸಾಲು ಯೂರೋಪಿನಲ್ಲಿ ಹಬ್ಬಿದ್ದು 1930ರ ದಶಕದಿಂದೀಚೆಗೆ. ಕಪ್ಪು ಬೆಲ್ಟಿಗೆ ಕಾಯಲು ತಾಳ್ಮೆ ಇಲ್ಲದ ಶಿಷ್ಯರಿಗೆ ನಡುವೆ ನಾಲ್ಕಾರು ಮೆಟ್ಟಿಲು ಸಿಕ್ಕಿತು.

ಇಂದಿನ ಕತ್ತಿವರಸೆಗೆ ಬೆಲ್ಟಿಲ್ಲ. ಫ್ರಾನ್ಸಿನ ಕ್ಲಬ್ಬುಗಳಲ್ಲಿ ಮಕ್ಕಳಿಗೆ ಹಳದಿ, ಕೆಂಪು, ನೀಲಿ ಹೀಗೆ ಬಣ್ಣದ ಲಾಂಛನ ಕೊಡುತ್ತಾರೆ. ಇಷ್ಟಿಷ್ಟು ಕಲಿತೆ ಎಂಬುದಕ್ಕೆ ಗುರುತು. ಅಮೆರಿಕದ್ದು ಬೇರೆ. ಅಲ್ಲಿ ಇಂಗ್ಲಿಷಿನ ‘ಎ’ಯಿಂದ ‘ಇ’ವರೆಗೆ ಐದು ಅಕ್ಷರ. ಪಂದ್ಯದಲ್ಲಿ ಎಂಥವರ ನಡುವೆ ಎಷ್ಟನೆಯವನಾದೆ ಎಂದು ನೋಡಿ ಅಕ್ಷರ ಸಿಗುತ್ತದೆ. ನಾಲ್ಕು ವರ್ಷದೊಳಗೆ ಮತ್ತೆ ಆಡಿ ಉಳಿಸಿಕೊಳ್ಳದಿದ್ದರೆ ಒಂದು ಮೆಟ್ಟಿಲು ಇಳಿಯುತ್ತದೆ. ಗಳಿಸಿದ್ದನ್ನು ಗೋಡೆಗೆ ನೇತು ಹಾಕಿ ಮಲಗುವಂತಿಲ್ಲ.

ಎರಡು ದರ್ಜೆ, ಎರಡು ಲೆಕ್ಕ

ಇಲ್ಲೇ ಗಂಟು ಬಿಚ್ಚುತ್ತದೆ. ದರ್ಜೆಯಲ್ಲಿ ಎರಡು ಜಾತಿ. ಒಂದು ಕಲಿಕೆಯ ದರ್ಜೆ: ಫ್ರಾನ್ಸಿನ ಲಾಂಛನ, ಜೂಡೋದ ಬಣ್ಣದ ಬೆಲ್ಟು. ಇನ್ನೊಂದು ಗೆಲುವಿನ ದರ್ಜೆ: ಅಮೆರಿಕದ ಅಕ್ಷರ, ದಸರಾ ಕೇಸರಿ. ಎರಡೂ ಬೇಕು. ಎರಡನ್ನೂ ಕಲಸಿದರೆ ಮೋಸ.

ಕಲಿಕೆಯ ದರ್ಜೆ ಯಾಕೆ ಬೇಕೆಂದರೆ, ಹತ್ತು ವರ್ಷದ ಮಗು ಪಂದ್ಯ ಗೆಲ್ಲುವ ಹೊತ್ತಿಗೆ ನಾಲ್ಕೈದು ವರ್ಷವಾಗುತ್ತದೆ. ಅಲ್ಲಿವರೆಗೆ ಹಿಂದೆ ಮುಂದೆ ಹೆಜ್ಜೆ ಹಾಕಿದ್ದೇ ಹಾಕಿದ್ದು. ‘ಏನ್ ಕಲ್ತೆ ಮಗ?’ ಅಂತ ಅಜ್ಜಿ ಕೇಳಿದರೆ ಹೇಳೋಕೊಂದು ಉತ್ತರ ಬೇಕು. ಆದರೆ ಅದು ಕ್ಲಬ್ಬಿನ ಒಳಗಿನ ಗುರುತು ಮಾತ್ರ. ಮೂರನೇ ಮೆಟ್ಟಿಲು ಹತ್ತಿದ ಕೊಪ್ಪದ ಹುಡುಗಿ ಮೈಸೂರಿನ ಹುಡುಗಿಯನ್ನು ಸೋಲಿಸುತ್ತಾಳೆ ಅಂತ ಅದರ ಅರ್ಥವಲ್ಲ. ಕಾಲೇಜು ಸೀಟಿಗೋ ಸರ್ಕಾರಿ ನೌಕರಿಗೋ ಕ್ರೀಡೆಯ ಲೆಕ್ಕದಲ್ಲಿ ಅರ್ಜಿ ಹಾಕುವಾಗ ನೋಡುವುದು ಮಾನ್ಯತೆ ಪಡೆದ ಕೂಟದ ಫಲಿತಾಂಶವನ್ನು, ಕ್ಲಬ್ಬಿನ ಬಣ್ಣದ ಕಾಗದವನ್ನಲ್ಲ. ಆ ಕೂಟಕ್ಕೆ ದಾರಿ ರಾಜ್ಯ ಸಂಸ್ಥೆಯ ಮೂಲಕ, ಅದರ ಮೇಲೆ 1974ರಲ್ಲಿ ಹುಟ್ಟಿದ ಭಾರತೀಯ ಕತ್ತಿವರಸೆ ಸಂಸ್ಥೆಯ ಮೂಲಕ. ಈ ಮಾತನ್ನು ಸೇರಿಸಿಕೊಳ್ಳುವ ದಿನವೇ ಹೆತ್ತವರಿಗೆ ಬಾಯಿಬಿಟ್ಟು ಹೇಳುವ ಕ್ಲಬ್ಬು ನಂಬಿಕೆಯ ಕ್ಲಬ್ಬು.

ಐದು ಮೆಟ್ಟಿಲು ಸಾಕು

ಹೋಬಳಿ ಮಟ್ಟದ ಕ್ಲಬ್ಬಿಗೆ ಐದು ಮೆಟ್ಟಿಲು ಧಾರಾಳವಾಯಿತು. ಒಂದನೆಯದು, ಮುಖವಾಡ ಸರಿಯಾಗಿ ಹಾಕುವುದು, ಕತ್ತಿ ತುದಿ ಕೆಳಗಿಟ್ಟು ನಡೆಯುವುದು, ಆಟಕ್ಕೆ ಮುಂಚೆ ವಂದನೆ, ಆದಮೇಲೆ ಕೈಕುಲುಕುವುದು. ಎರಡನೆಯದು, ಕಾಲಿನ ಚಲನೆ ಮತ್ತು ದೂರದ ಅಂದಾಜು. ಮೂರನೆಯದು, ಚುಚ್ಚುವುದು, ತಡೆಯುವುದು, ತಡೆದು ತಿರುಗಿ ಕೊಡುವುದು. ನಾಲ್ಕನೆಯದು, ಬೇರೆಯವರ ಆಟಕ್ಕೆ ತೀರ್ಪು ಹೇಳುವುದು. ಐದನೆಯದು, ಹೊರಗಿನ ಊರಿಗೆ ಹೋಗಿ ಪೂರ್ತಿ ಪಂದ್ಯ ಆಡಿ ಬರುವುದು. ಗೆದ್ದೇ ಬರಬೇಕಂತಿಲ್ಲ, ಆಡಿ ಬರಬೇಕು.

ನಾಲ್ಕನೆಯದನ್ನು ಕಂಡು ಮೂಗು ಮುರಿಯಬೇಡಿ. ಕರೆಂಟಿನ ಯಂತ್ರ ಈ ಆಟಕ್ಕೆ ಬಂದಿದ್ದು ಒಂದೊಂದು ಕತ್ತಿಗೆ ಒಂದೊಂದು ಕಾಲಕ್ಕೆ. ಒಲಿಂಪಿಕ್ಸಿನಲ್ಲಿ ಎಪೆಗೆ 1936ರಲ್ಲಿ, ಫಾಯಿಲ್‌ಗೆ 1956ರಲ್ಲಿ, ಸೇಬರ್‌ಗೆ 1992ರಲ್ಲಿ. ಅದಕ್ಕೂ ಮೊದಲು ನಾಲ್ವರು ತೀರ್ಪುಗಾರರು ನಾಲ್ಕು ಮೂಲೆಯಲ್ಲಿ ನಿಂತು, ಮುಟ್ಟಿತೋ ಇಲ್ಲವೋ ಎಂದು ಕೈ ಎತ್ತಿ ಹೇಳುತ್ತಿದ್ದರು. ನಡುವೆ ಮುಖ್ಯ ತೀರ್ಪುಗಾರ. ಹೊಸ ಕ್ಲಬ್ಬಿಗೆ ಯಂತ್ರ ಕೊಳ್ಳುವ ತ್ರಾಣ ಇಲ್ಲದಿದ್ದರೆ ಅದೇ ಹಳೇ ಪದ್ಧತಿ ಸಾಕು. ತನ್ನ ಗೆಳೆಯನ ವಿರುದ್ಧ ‘ಮುಟ್ತು’ ಅಂತ ಕೈ ಎತ್ತುವ ಹುಡುಗ, ತನಗೇ ಏಟು ಬಿದ್ದಾಗ ತಾನೇ ಒಪ್ಪಿಕೊಳ್ಳುವ ಹುಡುಗಿ, ಅರ್ಧ ವಿದ್ಯೆ ಕಲಿತಂತೆಯೇ. ಆ ಗುಣ ಅಂಗಡಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಾಗಲೂ ಕೆಲಸಕ್ಕೆ ಬರುತ್ತದೆ.

ಪರೀಕ್ಷೆ ಬಹಿರಂಗವಾಗಿರಲಿ, ಹಬ್ಬದ ದಿನವೋ ಸಂತೆಯ ದಿನವೋ ಊರವರ ಎದುರು. ಯಾವ ಮೆಟ್ಟಿಲಿಗೆ ಏನು ಬರಬೇಕು ಎಂಬುದನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಗೋಡೆಗೆ ಬರೆಸಲಿ. ಪರೀಕ್ಷೆಗೆ ಬೇರೆ ಫೀಸು ಇಡುವುದೇ ಬೇಡ. ತಿಂಗಳ ಫೀಸಿನಲ್ಲೇ ಸೇರಲಿ. ಪರೀಕ್ಷೆಗೊಂದು ಫೀಸು ಅಂತಾದ ದಿನ, ನಪಾಸು ಮಾಡಿದರೆ ಕ್ಲಬ್ಬಿಗೆ ಇರುಸುಮುರುಸು, ಪಾಸು ಮಾಡಿದರೆ ಕಾಸು. ಕಾಸು ಕಂಡ ಕೈ ಪಾಸಿನ ಕಡೆಗೇ ವಾಲುತ್ತದೆ.

ಮೂರು ನಿಮಿಷದ ಪಾಠ

ಕೊನೆಗೆ ಮತ್ತೆ ಭವಾನಿ ದೇವಿಯ ಮಾತು. 14ನೇ ವಯಸ್ಸಿನಲ್ಲಿ ಟರ್ಕಿಯಲ್ಲಿ ಆಕೆಯ ಮೊದಲ ಅಂತರರಾಷ್ಟ್ರೀಯ ಕೂಟ. ಮೂರೇ ನಿಮಿಷ ತಡವಾಗಿ ಬಂದದ್ದಕ್ಕೆ ಕಪ್ಪು ಕಾರ್ಡು ತೋರಿಸಿ ಹೊರಗೆ ಕಳಿಸಿದರು. ಬಸ್ಸಿಗೆ ಓಡುವ ಜನಕ್ಕೆ ಮೂರು ನಿಮಿಷದ ಬೆಲೆ ಬೇರೆ ಹೇಳಬೇಕಾಗಿಲ್ಲ. ಆಕೆ ಅಲ್ಲಿಗೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಟ್ಯುನೀಷಿಯಾದ ನಾದಿಯಾ ಬೆನ್ ಅಜೀಜಿಯನ್ನು 15–3ರಿಂದ ಸೋಲಿಸಿದರು. ಮುಂದಿನ ಸುತ್ತಿನಲ್ಲಿ ಫ್ರಾನ್ಸಿನ ಮನೋನ್ ಬ್ರುನೆಗೆ 7–15ರಿಂದ ಸೋತರು. 2023ರ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ತಂದರು. ಆ ಹೆಸರಿನ ಹಿಂದೆ ನಿಂತಿರುವುದು ಈ ಅಂಕಗಳು, ಯಾವ ಬಣ್ಣದ ಪಟ್ಟಿಯೂ ಅಲ್ಲ.

ಹಾಗಾಗಿ ಮಗುವನ್ನು ಸೇರಿಸುವ ಮುಂಚೆ ಹೆತ್ತವರು ಮೂರೇ ಪ್ರಶ್ನೆ ಕೇಳಲಿ. ಮುಖವಾಡ ಎಷ್ಟಿವೆ, ಯಾವ ದರ್ಜೆಯವು? ಹೇಳಿಕೊಡುವವರು ಎಲ್ಲಿ ಕಲಿತವರು? ನೀವು ಕೊಡುವ ಮೆಟ್ಟಿಲು ಕ್ಲಬ್ಬಿನ ಹೊರಗೆ ಎಷ್ಟಕ್ಕೆ ಬಾಳುತ್ತೆ? ಮೂರನೆಯದಕ್ಕೆ ‘ಹೊರಗೆ ಏನೂ ಬಾಳಲ್ಲ ಕಣಣ್ಣ, ಮಗು ಎಷ್ಟು ಕಲಿತು ಅಂತ ನಿಮಗೆ ಗೊತ್ತಾಗೋಕೆ ಮಾತ್ರ’ ಎಂದು ನೇರವಾಗಿ ಉತ್ತರ ಬಂದರೆ, ಧೈರ್ಯವಾಗಿ ಸೇರಿಸಬಹುದು.