'ಬೇನೆ' ಎಂದರೆ ಅಲ್ಲಿ ಒಳ್ಳೆಯದಂತೆ!

ಮೊದಲು ನನ್ನ ತಪ್ಪೊಪ್ಪಿಗೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಚಿತ್ರೋತ್ಸವದಲ್ಲಿ ಒಂದು ಇಟಾಲಿಯನ್ ಚಿತ್ರ ನೋಡಿ ವಿಮರ್ಶೆ ಬರೆದೆ. (ಚಿತ್ರದ ಹೆಸರು ಹೇಳಲಾರೆ, ನಾಚಿಕೆ!) ಕೊನೇ ದೃಶ್ಯ ರೈಲ್ವೆ ಪ್ಲಾಟ್‌ಫಾರಂ. ಹುಡುಗಿ ಅವನ ಕೈ ಹಿಡಿದು 'ಐ ಲವ್ ಯೂ' ಅಂತಾಳೆ. ಅವನು ಮೆಲ್ಲಗೆ 'ಐ ಲವ್ ಯೂ ಟೂ' ಅಂತಾನೆ. ತೆರೆಯ ಕೆಳಗೆ ಇಂಗ್ಲಿಷಿನಲ್ಲಿ ಬಂದದ್ದು ಹಾಗೇ. ಆದರೆ ಆಕೆಯ ಮುಖ ಬಾಡಿತು, ಕೈ ಬಿಟ್ಟಳು, ತಿರುಗಿಯೂ ನೋಡದೆ ಹೊರಟೇಹೋದಳು. 'ಪ್ರೀತಿಗೆ ಒಪ್ಪಿದವನನ್ನೇ ಬಿಟ್ಟು ಹೋಗುವ ನಾಯಕಿ! ನಿರ್ದೇಶಕರು ನಿದ್ದೆ ಮಾಡುತ್ತಿದ್ದರೇ?' ಎಂದು ಚೆನ್ನಾಗಿಯೇ ಝಾಡಿಸಿದ್ದೆ.

ನಿದ್ದೆ ಮಾಡುತ್ತಿದ್ದವನು ನಾನು!

ಇದನ್ನು ತಿಳಿಸಿದವರು ಮಂಗಳೂರು ಕಡೆಯ ಒಬ್ಬ ಪಾದ್ರಿಗಳು. ರೋಮಿನಲ್ಲಿ ಓದಿ ಬಂದವರು, ಸಿನಿಮಾ ಹುಚ್ಚಿನಲ್ಲಿ ನನಗಿಂತ ಒಂದು ಕೈ ಮೇಲು. "ನೀವು ಓದಿದ್ದು ಇಂಗ್ಲಿಷ್ ಮಾರಾಯ್ರೆ. ಅವ ಹೇಳಿದ್ದೇ ಬೇರೆ!" ಅಂದರು.

"ಏನು ಹೇಳಿದ ಫಾದರ್?"

ಆಕೆ ಹೇಳಿದ್ದು 'ತಿ ಆಮೊ'. ಇದು ಪ್ರೇಮಿಗಳ ಮಾತು, ಗಂಡ ಹೆಂಡಿರ ಮಾತು. 1977ರಲ್ಲಿ ಉಂಬೆರ್ತೊ ತೊಟ್ಸಿ ಹಾಡಿ ಯೂರೋಪನ್ನೇ ಕುಣಿಸಿದ ಹಾಡಿನ ಹೆಸರೂ ಇದೇ. ಅವನು ಉತ್ತರವಾಗಿ ಹೇಳಿದ್ದು 'ತಿ ವೊಲ್ಯೊ ಬೇನೆ'. ಬೇನೆ ಅಂದರೆ ನಮ್ಮ ಹೊಟ್ಟೆಬೇನೆ ಅಲ್ಲ ಸ್ವಾಮಿ, 'ಒಳ್ಳೆಯದು' ಅಂತ! ನಿನಗೆ ಒಳ್ಳೆಯದನ್ನು ಬಯಸುತ್ತೇನೆ ಎಂಬುದು ಅದರ ಪದಶಃ ಅರ್ಥ. ತಾಯಿ ಮಗನಿಗೆ, ಅಣ್ಣ ತಂಗಿಗೆ, ಗೆಳತಿ ಗೆಳತಿಗೆ ಹೇಳುವ ಮಾತು. ಹಗುರದ ಮಾತೇನಲ್ಲ, ಪ್ರೇಮಿಗಳೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಆದರೆ 'ತಿ ಆಮೊ'ಗೆ ಉತ್ತರವಾಗಿ ಅದೊಂದೇ ಬಂತೋ, ಕಥೆ ಮುಗಿಯಿತು ಅಂತಲೇ ಲೆಕ್ಕ. ಇಂಗ್ಲಿಷಿನವರ ಹತ್ತಿರ ಎರಡಕ್ಕೂ ಇರುವುದು ಒಂದೇ 'ಲವ್'. ಪಾಪ, ಸಬ್‌ಟೈಟಲ್ ಬರೆದವನಾದರೂ ಏನು ಮಾಡಿಯಾನು!

ಇದರ ಉಲ್ಟಾ ಕಷ್ಟ ಇಟಲಿಯ ಡಬ್ಬಿಂಗ್‌ನವರದು. ಅಲ್ಲಿ ಹಾಲಿವುಡ್ ಚಿತ್ರಗಳಿಗೆ ಇಟಾಲಿಯನ್ ದನಿ ಕೊಡುವ ಪದ್ಧತಿ ಹಳೆಯದು. ಅಪ್ಪ ಮಗಳಿಗೆ 'ಐ ಲವ್ ಯೂ' ಅಂದರೆ 'ಬೇನೆ' ಹಾಕಬೇಕು, ಪ್ರೇಮಿ ಅಂದರೆ 'ಆಮೊ'. ಹೇಳುವವನು ಗೆಳೆಯನೋ ಪ್ರೇಮಿಯೋ ಎಂಬುದೇ ಕಥೆಯ ಗುಟ್ಟಾಗಿದ್ದರೆ? ಸಂಭಾಷಣೆಕಾರ ತಲೆ ಚಚ್ಚಿಕೊಳ್ಳಬೇಕು!

ಇನ್ನೊಂದು ಅಪಾಯ ಕೇಳಿ. ಅವಸರದಲ್ಲಿ 'ಬೇನೆ' ಬಿಟ್ಟು ಬರೀ 'ತಿ ವೊಲ್ಯೊ' ಅಂದಿರೋ, 'ನೀನು ನನಗೆ ಬೇಕು' ಎಂದಾಗುತ್ತದೆ. ಬೇಕು ಎಂದರೆ... ಅರ್ಥವಾಯಿತಲ್ಲ? ಭಾವೀ ಅತ್ತೆಗೆ ಹಾಗೆ ಹೇಳಿದ ಇಂಗ್ಲಿಷ್ ಅಳಿಯನ ಗತಿ ನೀವೇ ಊಹಿಸಿ. ಭೇಟಿಯಾಗಲು 'ಎಕ್ಸೈಟ್' ಆಗಿದ್ದೇನೆ ಎಂದು 'ಎಚ್ಚಿತಾತೊ' ಅನ್ನುವುದೂ ಅಂಥದ್ದೇ ಪೇಚಾಟ, ಅದರ ಅರ್ಥ ಈ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ. 'ನೋನ್ ವೇದೊ ಲೋರಾ' ಅನ್ನಬೇಕಂತೆ. ಆ ಗಳಿಗೆ ಕಣ್ಣಿಗೇ ಕಾಣುತ್ತಿಲ್ಲ ಅಂತ. ಎಷ್ಟು ಚೆಂದ!

ಅಗಲಿಕೆಯ ಮಾತಿನಲ್ಲಂತೂ ಇಂಗ್ಲಿಷಿನವರು ತಲೆಕೆಳಗು. 'ಐ ಮಿಸ್ ಯೂ' ಎನ್ನಲು ಹೋಗಿ 'ತಿ ಮಾಂಕೊ' ಅನ್ನುತ್ತಾರೆ. ಅದರ ಅರ್ಥ 'ನಿನಗೆ ನನ್ನ ನೆನಪು ಕಾಡುತ್ತಿದೆ'! ಏನು ಜಂಭ ನೋಡಿ. ಸರಿಯಾದದ್ದು 'ಮಿ ಮಾಂಕಿ'. (ಕೋತಿ ಅಲ್ಲ!) ನನಗೆ ನೀನು ಕೊರತೆಯಾಗಿದ್ದೀಯ ಅಂತ. ಸಾರಿಗೆ ಉಪ್ಪು ಕಡಿಮೆಯಾದರೂ ಅವರು ಬಳಸುವುದು ಇದೇ ಕ್ರಿಯಾಪದ. ನಮಗೆ ಇದೇನು ಕಷ್ಟವಲ್ಲ. 'ನನಗೆ ನೀನು ಇಷ್ಟ', 'ನನಗೆ ನಿನ್ನ ನೆನಪಾಗ್ತಿದೆ' ಎನ್ನುವವರಲ್ಲವೇ ನಾವು? ಪಿ.ಯು.ಸಿ. ಬಿಟ್ಟ ನನಗೂ ಇದು ಒಂದೇ ಏಟಿಗೆ ಹೊಳೆಯಿತು.

ಇಂಗ್ಲಿಷ್ ನಾಲಗೆಯ ಇಟಾಲಿಯನ್ ಅಂದರೆ ಅಲ್ಲಿನ ಪ್ರೇಕ್ಷಕರಿಗೆ ಮೊದಲಿನಿಂದಲೂ ನಗು. ಲಾರೆಲ್-ಹಾರ್ಡಿ ಜೋಡಿಯ ಚಿತ್ರಗಳಿಗೆ ಡಬ್ ಮಾಡುವಾಗ ಬೇಕೆಂದೇ ಆ ಒರಟು ಉಚ್ಚಾರ ಉಳಿಸಿಕೊಂಡರು. ಹಾರ್ಡಿಗೆ ದನಿಯಾದವರು ಮುಂದೆ ದೊಡ್ಡ ತಾರೆಯಾದ ಆಲ್ಬೆರ್ತೊ ಸೋರ್ದಿ. ಇಂಗ್ಲಿಷಿನವರೂ ತಮ್ಮನ್ನು ತಾವೇ ನಕ್ಕಿದ್ದಾರೆನ್ನಿ. 1988ರ 'ಎ ಫಿಶ್ ಕಾಲ್ಡ್ ವಾಂಡಾ'ದಲ್ಲಿ ಕೆವಿನ್ ಕ್ಲೈನ್ ಇಟಾಲಿಯನ್ ತಿಂಡಿಗಳ ಹೆಸರು ಉಸುರಿದರೆ ಸಾಕು, ಜೇಮೀ ಲೀ ಕರ್ಟಿಸ್ ಕರಗಿಹೋಗುತ್ತಾಳೆ! ಕ್ಲೈನ್‌ಗೆ ಆಸ್ಕರ್ ಬಂದದ್ದು ಅದೇ ಪಾತ್ರಕ್ಕೆ.

ಪಾದ್ರಿಗಳು ಇಷ್ಟೆಲ್ಲ ಹೇಳಿ, "ಆ ಹುಡುಗಿ ಯಾಕೆ ಹೋದಳು, ಈಗ ಗೊತ್ತಾಯ್ತಾ?" ಎಂದರು.

ಗೊತ್ತಾಯಿತು. ಕಾಲೇಜು ಬಿಟ್ಟ ವರ್ಷ, ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ, ಒಬ್ಬಾಕೆಗೆ ನಾನೂ ನಾಲ್ಕು ಮಾತು ಹೇಳಿದ್ದೆ. ಆಕೆ ನೆಲ ನೋಡುತ್ತ, "ನಿಮಗೆ ಒಳ್ಳೇದಾಗ್ಲಿ" ಅಂದು ಬಸ್ ಹತ್ತಿದಳು. ಅವತ್ತು ನನಗೆ ಯಾವ ಸಬ್‌ಟೈಟಲ್ಲೂ ಬೇಕಾಗಿರಲಿಲ್ಲ.